ದಿನಾ ವಿಟಮಿನ್ ಇ ಕ್ಯಾಪ್ಸೂಲ್ ತಗೊಂಡರೆ ಹೃದಯಕ್ಕೆ ಒಳ್ಳೆಯದಾ?

ತಾಯಿಗೆ ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ, ಯಾರೋ ಹೇಳಿದರು ಅಂತ ದಿನಾ ವಿಟಮಿನ್ ಇ 400 ಶುರು ಮಾಡಿದ್ದಾರೆ, ಹೃದಯಕ್ಕೆ ಒಳ್ಳೆಯದಾ ಎಂದು ಕೇಳಿದ್ದೀರಿ. ಹೃದಯಕ್ಕಾಗಿ ಅಂತಾದರೆ ಬೇಡ. ನಾನು ವಿಜಯಪುರದಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಆ ಹಸಿರು ಕ್ಯಾಪ್ಸೂಲನ್ನು ಚೀಟಿ ಇಲ್ಲದೆ ಕೇಳುವವರೇ ಜಾಸ್ತಿ. ಕೂದಲಿಗೆ, ಮುಖಕ್ಕೆ, ರಾತ್ರಿ ಮೀನಖಂಡ ಹಿಡಿಯುವುದಕ್ಕೆ, ಈಗ ಹೃದಯಕ್ಕೂ.

ಅದು ಆಂಟಿಆಕ್ಸಿಡೆಂಟ್ ಅನ್ನೋದು ಸುಳ್ಳಲ್ಲ. ಜೀವಕೋಶದ ಹೊರಪೊರೆಯಲ್ಲಿ ಕೊಬ್ಬಿದೆ. ಅಲ್ಲಿ ಒಂದು ಅಣು ಆಕ್ಸಿಡೈಸ್ ಆಗಿ ಕೆಟ್ಟರೆ ಪಕ್ಕದ್ದನ್ನೂ ಕೆಡಿಸುತ್ತದೆ, ಅದು ಮುಂದಿನದನ್ನು. ಬಣವೆಗೆ ಕಿಡಿ ಬಿದ್ದ ಹಾಗೆ. ವಿಟಮಿನ್ ಇ ಕೊಬ್ಬಿನಲ್ಲಿ ಕರಗುವಂಥದ್ದು, ಹಾಗಾಗಿ ಆ ಪೊರೆಯೊಳಗೇ ಇದ್ದು ತನ್ನ ಒಂದು ಹೈಡ್ರೋಜನ್ ಕೊಟ್ಟು ಸರಪಳಿ ಮುರಿಯುತ್ತದೆ. ಆಮೇಲೆ ವಿಟಮಿನ್ ಸಿ ಅದನ್ನು ಮತ್ತೆ ಕೆಲಸಕ್ಕೆ ಸಜ್ಜು ಮಾಡುತ್ತದೆ.

ಹಾಗಾದರೆ ಜಾಸ್ತಿ ನುಂಗಿದಷ್ಟೂ ಒಳ್ಳೆಯದಲ್ವಾ? ದೊಡ್ಡ ದೊಡ್ಡ ವೈದ್ಯರೂ ಹಾಗೇ ಅಂದುಕೊಂಡಿದ್ದರು. ಪರೀಕ್ಷೆ ಮಾಡಿ ನೋಡಿದರು. ಹೋಪ್ ಎಂಬ ಅಧ್ಯಯನದಲ್ಲಿ ಹೃದ್ರೋಗ ಇರುವ, ಇಲ್ಲವೇ ಸಕ್ಕರೆ ಕಾಯಿಲೆಯ ಜೊತೆ ಬೇರೆ ಅಪಾಯವೂ ಇರುವ ಒಂಬತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು. ಅಂದರೆ ನಿಮ್ಮ ತಾಯಿಯಂಥವರೇ. ಅರ್ಧ ಜನಕ್ಕೆ ದಿನಾ 400 ಯೂನಿಟ್ ವಿಟಮಿನ್ ಇ, ಉಳಿದವರಿಗೆ ಖಾಲಿ ಮಾತ್ರೆ. 2000ದಲ್ಲಿ ಫಲಿತಾಂಶ ಬಂತು: ಹೃದಯಾಘಾತ, ಪಾರ್ಶ್ವವಾಯು ಏನೂ ಕಡಿಮೆ ಆಗಿರಲಿಲ್ಲ. ಅವರಲ್ಲೇ ಮುಂದುವರಿದವರನ್ನು ಗಮನಿಸಿದಾಗ, 2005ರ ವರದಿಯಲ್ಲಿ, ವಿಟಮಿನ್ ತಗೊಂಡವರಲ್ಲಿ ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ, ಸ್ವಲ್ಪ ಜಾಸ್ತಿಯೇ ಕಂಡಿತು. ಗಂಡಸರ ಮೇಲೆ ನಡೆದ ಸೆಲೆಕ್ಟ್ ಅಧ್ಯಯನ ಇನ್ನೂ ಬೇಸರದ್ದು. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಲೆಂದು ಕೊಟ್ಟರೆ, 2011ರ ಹೊತ್ತಿಗೆ ಅದೇ ಕ್ಯಾನ್ಸರ್ 17% ಹೆಚ್ಚಾಗಿತ್ತು.

ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಸುಮಾರು 15 ಮಿಲಿಗ್ರಾಂ. ಅಷ್ಟು ನಮ್ಮ ಕಡೆ ಊಟದಲ್ಲೇ ಕೂಡಿಸಬಹುದು. ಬಿಳಿಜೋಳದ ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ಕುಸುಬಿ ಇದೆಯಲ್ಲ, ಅದರ ಎಣ್ಣೆ ಒಂದು ದೊಡ್ಡ ಚಮಚಕ್ಕೆ ನಾಲ್ಕೂವರೆ ಮಿಲಿಗ್ರಾಂ ಕೊಡುತ್ತದೆ. ಸೂರ್ಯಕಾಂತಿ ಎಣ್ಣೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಒಂದು ಹಿಡಿ ಶೇಂಗಾದಲ್ಲಿ ಎರಡು. ರೊಟ್ಟಿಗೆ ಶೇಂಗಾ ಹಿಂಡಿ ಹಾಕಿ, ಮೇಲೆ ಕುಸುಬಿ ಎಣ್ಣೆ ಹಸಿಯಾಗಿಯೇ ಬಿಟ್ಟುಕೊಳ್ಳುತ್ತೇವಲ್ಲ, ಅದೇ ಸರಿಯಾದ ದಾರಿ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಇದ್ದ ವಿಟಮಿನ್ ಹೋಗುತ್ತದೆ. ಅಗಸಿ ಹಿಂಡಿ ಬೇರೆ ಕಾರಣಕ್ಕೆ ಒಳ್ಳೆಯದು, ಆದರೆ ಅದರಲ್ಲಿರುವುದು ಹೆಚ್ಚಾಗಿ ವಿಟಮಿನ್ ಇಯ ಗಾಮಾ ಟೋಕೋಫೆರಾಲ್ ಅನ್ನೋ ರೂಪ. ನಮ್ಮ ಲಿವರ್ ಆರಿಸಿ ಉಳಿಸಿಕೊಳ್ಳುವುದು ಆಲ್ಫಾ ರೂಪವನ್ನು.

ಕ್ಯಾಪ್ಸೂಲ್ ಯಾರಿಗೂ ಬೇಡ ಅಂತಲ್ಲ. ಕೊಬ್ಬು ಜೀರ್ಣವಾಗದ ಕಾಯಿಲೆ ಇದ್ದವರಿಗೆ ಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇಲ್ಲದ ಕೆಲವು ಫ್ಯಾಟಿ ಲಿವರ್ ರೋಗಿಗಳಿಗೂ ಡಾಕ್ಟರು ಬರೆಯುತ್ತಾರೆ. ನಿಮ್ಮ ತಾಯಿಗೂ ಡಾಕ್ಟರೇ ಬರೆದಿದ್ದರೆ ಸುಮ್ನೆ ನಿಲ್ಲಿಸಬೇಡಿ, ಯಾಕೆ ಅಂತ ಕೇಳಿ. ಅವರು ವಾರ್ಫರಿನ್, ಆಸ್ಪಿರಿನ್ ಥರದ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಮಾತ್ರ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.