ಕಕ್ಷೆಯಿಂದ ಇಳಿದು ಬಂದ ಫಿಲ್ಮ್: ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಅಮೆರಿಕದ ‘ಕೊರೋನಾ’ ಗೂಢಚಾರ ಉಪಗ್ರಹಗಳ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ನನಗೆ ಬಹಳ ಹಿಡಿಸಿತು. ಆದರೂ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಎಂಟು ಪುಟಗಳಲ್ಲಿ ಐದು ಪುಟ ಶೀತಲ ಸಮರದ ಸಾಮಾನ್ಯ ಚರಿತ್ರೆಗೇ ಹೋಗಿವೆ. ಓದುಗರು ಕಾಯುವ ಸಂಗತಿಗೆ ಮಾತ್ರ ನೀವು ಕೊಟ್ಟಿರುವುದು ಒಂದೇ ವಾಕ್ಯ: “ನಂತರ ಚಿತ್ರಗಳನ್ನು ಭೂಮಿಗೆ ತರಲಾಯಿತು.”

ತಂದದ್ದು ಹೇಗೆ ಎಂಬುದೇ ಇಲ್ಲಿನ ಕಥೆ. ರೇಡಿಯೊ ಮೂಲಕ ಕಳುಹಿಸಿದರೆ ಬೇಕಾದಷ್ಟು ಸ್ಪಷ್ಟ ಚಿತ್ರ ಸಿಗದ ಕಾಲದಲ್ಲಿ ಫಿಲ್ಮಿನ ಸುರುಳಿಯೇ ಕೆಳಗಿಳಿದು ಬರಬೇಕಿತ್ತು. ಗುಟ್ಟು ಕಾಯಲು ಈ ಉಪಗ್ರಹಗಳಿಗೆ ಹೊರಜಗತ್ತಿಗೆ ಹೇಳಿದ ಹೆಸರು ‘ಡಿಸ್ಕವರರ್’. 1960ರ ಆಗಸ್ಟ್ 19ರಂದು, ಹವಾಯಿ ಬಳಿಯ ಸಾಗರದ ಮೇಲೆ ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದ ಡಿಸ್ಕವರರ್-14ರ ಕ್ಯಾಪ್ಸೂಲನ್ನು, ಕ್ಯಾಪ್ಟನ್ ಹೆರಾಲ್ಡ್ ಮಿಚೆಲ್ ನಡೆಸುತ್ತಿದ್ದ ಸಿ-119 ಸರಕು ವಿಮಾನ, ಹಿಂದೆ ಇಳಿಬಿಟ್ಟಿದ್ದ ಕೊಕ್ಕೆಗಳಿಂದ ಮೂರನೆಯ ಯತ್ನದಲ್ಲಿ ಸಿಕ್ಕಿಸಿಕೊಂಡಿತು. ಎರಡು ಸಲ ಕೊಕ್ಕೆ ತಪ್ಪಿದೆ, ವಿಮಾನ ಮತ್ತೆ ಸುತ್ತಿ ಬರುವಷ್ಟರಲ್ಲಿ ಪ್ಯಾರಾಚೂಟ್ ಇನ್ನಷ್ಟು ತಗ್ಗಿಗೆ ಬಂದಿದೆ, ಕೆಳಗೆ ಸಮುದ್ರ ಬಾಯಿ ತೆರೆದಿದೆ. ಇಲ್ಲಿ ದಯವಿಟ್ಟು ಒಂದು ಪುಟವಾದರೂ ನಿಲ್ಲಿ. ಆ ಕ್ಯಾಪ್ಸೂಲಿನಲ್ಲಿದ್ದ ಸುಮಾರು 9 ಕಿಲೊ ಫಿಲ್ಮ್, ಅದುವರೆಗಿನ ಯು-2 ಗೂಢಚಾರ ವಿಮಾನಗಳ ಹಾರಾಟಗಳೆಲ್ಲ ಸೇರಿ ತೋರಿಸಿದ್ದಕ್ಕಿಂತ ಹೆಚ್ಚು ಸೋವಿಯತ್ ನೆಲವನ್ನು ತೋರಿಸಿತು.

ಒಂದು ತಪ್ಪನ್ನು ತಿದ್ದಲೇಬೇಕು. ಮೊದಲ ಚಿತ್ರಗಳನ್ನು ತಂದದ್ದು ಡಿಸ್ಕವರರ್-13 ಎಂದಿದ್ದೀರಿ. ಅದರ ಕ್ಯಾಪ್ಸೂಲನ್ನು ಸಮುದ್ರದಿಂದ ಎತ್ತಿದ್ದು ನಿಜ, ಆದರೆ ಒಳಗಿದ್ದದ್ದು ಅಮೆರಿಕದ ಧ್ವಜ, ಫಿಲ್ಮ್ ಇರಲಿಲ್ಲ. ಅದಕ್ಕೂ ಹಿಂದಿನ ಹನ್ನೆರಡು ಡಿಸ್ಕವರರ್‌ಗಳಿಂದ ಒಂದು ಕ್ಯಾಪ್ಸೂಲೂ ಕೈಸೇರಲಿಲ್ಲ. ಇದನ್ನು ನೀವು “ಕೆಲವು ತೊಡಕುಗಳ ಬಳಿಕ” ಎಂದು ದಾಟಿಸಿಬಿಟ್ಟಿದ್ದೀರಿ. ಅಸಿಟೇಟ್ ಫಿಲ್ಮ್ ನಿರ್ವಾತದಲ್ಲಿ ಪೆಡಸಾಗಿ ತುಂಡಾಗುತ್ತಿತ್ತು, ಆ ಕಾರಣಕ್ಕೆ ಕೊಡಕ್ ಕಂಪನಿಯವರು ಪಾಲಿಯೆಸ್ಟರ್ ತಳದ ಫಿಲ್ಮ್ ಒದಗಿಸಿದರು. ಇಂಥ ವಿವರ ಬಂದರೆ ಸೋಲಿಗೆ ರೂಪ ಸಿಗುತ್ತದೆ, ಎಂಜಿನಿಯರುಗಳ ದುಡಿಮೆಯೂ ಕಾಣುತ್ತದೆ.

ನಿಮ್ಮ ಟಿಪ್ಪಣಿಯಲ್ಲಿದ್ದ ಉಪ್ಪಿನ ಬಿರಡೆಯನ್ನು ಲೇಖನದಿಂದ ಏಕೆ ಬಿಟ್ಟಿರಿ? ನೀರಿಗೆ ಬಿದ್ದ ಕ್ಯಾಪ್ಸೂಲ್ ಅನ್ಯರ ಕೈಗೆ ಸಿಗಬಾರದೆಂದು, ನಿಧಾನವಾಗಿ ಕರಗಿ ನೀರನ್ನು ಒಳಬಿಟ್ಟು ಅದನ್ನು ಮುಳುಗಿಸುವ ಆ ಸಣ್ಣ ಬಿರಡೆ, ನಿಮ್ಮ ಐದು ಪುಟಗಳಿಗಿಂತ ಚೆನ್ನಾಗಿ ಆ ಕಾಲದ ಭಯವನ್ನು ಹೇಳುತ್ತದೆ. ಲೇಖನವನ್ನು ಅಲ್ಲಿಂದಲೇ ಆರಂಭಿಸಬಹುದು.

1995ರಲ್ಲಿ ಈ ಚಿತ್ರಗಳ ಗೌಪ್ಯತೆ ತೆರವಾದುದನ್ನು ಹೇಳುವ ಕೊನೆಯ ಭಾಗ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ತಿದ್ದಿದ ಪ್ರತಿಯನ್ನು ನನಗೇ ಕಳುಹಿಸಿ, ಮತ್ತೆ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ