ಗೆಳತಿಗೆ ಮಾರ್ಕ್ಸ್ ಕಡಿಮೆ ಬಂದರೆ ನನಗ್ಯಾಕೆ ಖುಷಿ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯವಳು. ದ್ವಿತೀಯ ಪಿಯುಸಿ, ಪಿಸಿಎಂಬಿ. ಏಳನೇ ಕ್ಲಾಸಿನವರೆಗೆ ಯಾವಾಗಲೂ ನಾನೇ ಫಸ್ಟ್. ಎಂಟಕ್ಕೆ ಈ ಗೆಳತಿ ಬೇರೆ ಊರಿನಿಂದ ಬಂದು ಸೇರಿದಳು. ಎರಡು ವರ್ಷ ನಾವು ಮುಖ ಕೊಟ್ಟು ಮಾತಾಡಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಪ್ರತಿಭಾ ಕಾರಂಜಿ ಕ್ವಿಜ್‌ಗೆ ಮೇಷ್ಟ್ರು ನಮ್ಮಿಬ್ಬರನ್ನೇ ಜೋಡಿ ಮಾಡಿ ಕಳಿಸಿದರು. ಜಿಲ್ಲಾ ಮಟ್ಟದಲ್ಲಿ ಶರಾವತಿ ಎಲ್ಲಿ ಹುಟ್ಟುತ್ತೆ ಅಂತ ಕೇಳಿದರು. ಅವಳು ಮೆಲ್ಲಗೆ ‘ಅಂಬುತೀರ್ಥ’ ಅಂದಳು. ನಾನು ಕಿವಿಗೇ ಹಾಕಿಕೊಳ್ಳದೆ ‘ಆಗುಂಬೆ’ ಅಂತ ಕೂಗಿಬಿಟ್ಟೆ. ಸೋತೆವು. ಮೇಷ್ಟ್ರು ಬೈಯುವಾಗ ಅವಳು ‘ಇಬ್ರೂ ಸೇರಿನೇ ಹೇಳಿದ್ದು ಸಾರ್’ ಅಂದಳು. ಅವತ್ತಿನಿಂದ ಅವಳೆಂದರೆ ನನಗೆ ಇಷ್ಟ, ಗೌರವ ಕೂಡ. ಈಗ ಒಂದೇ ಕಾಲೇಜು, ಒಂದೇ ಬೆಂಚು, ಇಬ್ಬರಿಗೂ ಎಂಬಿಬಿಎಸ್ ಆಸೆ. ಹೋದ ತಿಂಗಳು ಫಿಸಿಕ್ಸ್ ಟೆಸ್ಟ್‌ನಲ್ಲಿ ಅವಳಿಗೆ ತುಂಬಾ ಕಡಿಮೆ ಬಂತು. ಅವಳು ಅಳುತ್ತಿದ್ದಳು, ನಾನು ಸಮಾಧಾನ ಮಾಡುತ್ತಿದ್ದೆ, ಆದರೆ ಒಳಗೊಳಗೇ ಖುಷಿಯಾಯಿತು. ರಾತ್ರಿ ನಿದ್ದೆ ಬರಲಿಲ್ಲ. ಅಮ್ಮ ಬೇರೆ, ‘ಇರೋದೇ ನಾಲ್ಕು ಸೀಟು, ಅವಳಿಗೆ ನೋಟ್ಸ್ ಕೊಟ್ಟು ನೀನು ಬಾಯಿ ಬಿಡ್ತಾ ಕೂತ್ಕೊ’ ಅಂತಾರೆ. ನಾನು ಫಿಸಿಕ್ಸ್‌ನಲ್ಲಿ ಗಟ್ಟಿ, ಅವಳು ಬಯಾಲಜಿಯಲ್ಲಿ. ನಾನು ಕೆಟ್ಟ ಗೆಳತಿನಾ? ಅವಳಿಂದ ದೂರ ಇರಬೇಕಾ?

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ, ದೂರ ಇರಬೇಡ.

ಇನ್ನು ಆ ಖುಷಿಯ ವಿಷಯ. ಅದು ಹೊಸದಾಗಿ ಹುಟ್ಟಿದ್ದಲ್ಲ ಕಣಮ್ಮ. ಟೆಸ್ಟ್ ಪೇಪರ್ ಹಂಚುವ ಗಳಿಗೆ ನೆನಪು ಮಾಡಿಕೋ. ಮೇಷ್ಟ್ರು ಕಟ್ಟನ್ನು ಮಾರ್ಕ್ಸ್ ಪ್ರಕಾರ ಜೋಡಿಸಿಕೊಂಡು ಬಂದಿರುತ್ತಾರೆ. ಮೇಲಿನ ಪೇಪರ್ ಯಾರದು ಅಂತ ಇಡೀ ಕ್ಲಾಸು ಉಸಿರು ಬಿಗಿ ಹಿಡಿದು ಕೂತಿರುತ್ತೆ. ಅವಳ ಹೆಸರು ಮೊದಲು ಕರೆದರೆ ಎಲ್ಲರೂ ತಿರುಗಿ ನೋಡುವುದು ಅವಳನ್ನಲ್ಲ, ನಿನ್ನ ಮುಖವನ್ನು. ಹೀಗೆ ಎರಡು ಮೂರು ವರ್ಷ ನಡೆದಿದೆ. ಅವಳ ಪೇಪರ್ ಕೆಳಗೆ ಹೋದರೆ ನಿನ್ನದು ಮೇಲೆ ಅಂತ ದೊಡ್ಡವರೇ ನಿನ್ನ ಮೈಗೆ ಕಲಿಸಿದ್ದಾರೆ. ಮನಸ್ಸು ಸ್ನೇಹ ಮಾಡಿದೆ, ಮೈಗೆ ಇನ್ನೂ ಆ ಸುದ್ದಿ ತಲುಪಿಲ್ಲ, ಅಷ್ಟೇ. ನಿಜವಾಗಿ ಕೆಟ್ಟವರಾಗಿದ್ದರೆ ರಾತ್ರಿ ಹಾಯಾಗಿ ನಿದ್ದೆ ಮಾಡುತ್ತಿದ್ದರು, ನನಗೆ ಇಷ್ಟುದ್ದ ಪತ್ರ ಬರೆಯುತ್ತಿರಲಿಲ್ಲ.

ಖುಷಿಯಾಗಿದ್ದಕ್ಕೆ ನಿನ್ನನ್ನೇ ಬೈದುಕೊಳ್ಳುತ್ತಾ ಕೂರಬೇಡ. ಬಂದ ಭಾವನೆಗೆ ಯಾರೂ ಲೆಕ್ಕ ಕೊಡಬೇಕಾಗಿಲ್ಲ. ಅದು ಬಂದಮೇಲೆ ಏನು ಮಾಡಿದೆ ಅನ್ನುವುದಕ್ಕೆ ಮಾತ್ರ ಕೊಡಬೇಕು. ನೀನು ಮಾಡಿದ್ದು ಸಮಾಧಾನ. ಅದು ನಾಟಕ ಅಂತ ನಿನಗೆ ಅನ್ನಿಸುತ್ತಿದೆ. ನನಗೆ ಹಾಗೆ ಕಾಣಲ್ಲ.

ಟೆನಿಸ್‌ನ ಕ್ರಿಸ್ ಎವರ್ಟ್ ಮತ್ತು ಮಾರ್ಟಿನಾ ನವ್ರಾಟಿಲೋವಾ ಹೆಸರು ನೀನು ಕೇಳಿರಲಿಕ್ಕಿಲ್ಲ, ನಿಮ್ಮ ತಾತನ ಕಾಲದವರು. ಇಬ್ಬರೂ ಮೊದಲು ಜೋಡಿಯಾಗಿ ಆಡುತ್ತಿದ್ದರು. 1975ರ ಫ್ರೆಂಚ್ ಓಪನ್, 1976ರ ವಿಂಬಲ್ಡನ್ ಡಬಲ್ಸ್ ಒಟ್ಟಿಗೇ ಗೆದ್ದರು. ಅಷ್ಟರಲ್ಲಿ ಮಾರ್ಟಿನಾ ಸಿಂಗಲ್ಸ್‌ನಲ್ಲಿ ಹತ್ತಿರ ಹತ್ತಿರ ಬರತೊಡಗಿದಳು. ಜೊತೆಗೇ ಆಡಿದರೆ ತನ್ನ ಆಟದ ಗುಟ್ಟೆಲ್ಲ ಇವಳಿಗೆ ಗೊತ್ತಾಗುತ್ತೆ ಅಂತ ಕ್ರಿಸ್ ಜೋಡಿ ಮುರಿದಳು. ನಿಮ್ಮಮ್ಮ ನೋಟ್ಸ್ ಬಗ್ಗೆ ಹೇಳುತ್ತಿರುವುದೂ ಇದನ್ನೇ ಅಲ್ವಾ? ಆಮೇಲೆ ಮಾರ್ಟಿನಾಗೆ ತರಬೇತಿ ಕೊಡಲು ಬಂದ ನ್ಯಾನ್ಸಿ ಲೀಬರ್ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗೆಲ್ಲಬೇಕಾದರೆ ಕ್ರಿಸ್‌ಳನ್ನು ದ್ವೇಷಿಸಬೇಕು ಅಂದಳು. ಕೆಲಕಾಲ ಸ್ನೇಹ ಹಳಸಿತು. ಆದರೆ ಅದು ಬಹಳ ದಿನ ನಡೆಯಲಿಲ್ಲ. ಒಟ್ಟು 80 ಪಂದ್ಯ ಎದುರುಬದುರಾಗಿ ಆಡಿದರು, 43 ಮಾರ್ಟಿನಾಗೆ, 37 ಕ್ರಿಸ್‌ಗೆ. ಪಂದ್ಯ ಮುಗಿದ ಮೇಲೆ ಒಳಗಿನ ಕೋಣೆಯಲ್ಲಿ ಸೋತವಳು ಅಳುತ್ತಿದ್ದರೆ ಗೆದ್ದವಳೇ ಸಮಾಧಾನ ಮಾಡಿದ್ದುಂಟು. ವಯಸ್ಸಾದ ಮೇಲೆ ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ಸಮಯಕ್ಕೆ ಕ್ಯಾನ್ಸರ್ ಬಂದಾಗ ಒಬ್ಬರಿಗೊಬ್ಬರು ಆಸರೆಯಾದರು. ಗೆದ್ದವಳಿಗೆ ಅಳುವವಳ ಪಕ್ಕ ಕೂತಾಗ ಖುಷಿ ಇರಲಿಲ್ಲ ಅಂತೀಯಾ? ಖಂಡಿತ ಇತ್ತು. ಇಬ್ಬರಿಗೂ ಅದು ಗೊತ್ತಿತ್ತು.

ಈಗ ಅಮ್ಮನ ವಿಷಯಕ್ಕೆ ಬರೋಣ. ಅವರಿಗೆ ಎದುರು ಮಾತಾಡಬೇಡ, ಲೆಕ್ಕ ತೋರಿಸು. ಎಂಬಿಬಿಎಸ್ ಸೀಟಿಗಾಗಿ ನೀಟ್ ಪರೀಕ್ಷೆ ಬರೆಯುವವರು ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಜನ. ಅವರೊಳಗೆ ನಿನ್ನ ಬೆಂಚಿನ ಹುಡುಗಿ ಒಬ್ಬಳು. ಅವಳಿಗೆ ನೋಟ್ಸ್ ಕೊಡದೆ ನೀನು ಹೆಚ್ಚೆಂದರೆ ಒಂದೇ ಒಂದು ಸ್ಥಾನ ಮೇಲೆ ಹೋಗಬಹುದು. ಅದೂ ಅವಳು ನಿನಗಿಂತ ಮೇಲಿದ್ದರೆ ಮಾತ್ರ! ಇನ್ನೊಂದು ಲೆಕ್ಕ ಇದೆ. ನೀನು ಫಿಸಿಕ್ಸ್‌ನಲ್ಲಿ ಗಟ್ಟಿ, ಅವಳು ಬಯಾಲಜಿಯಲ್ಲಿ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀಯ. ನೀಟ್‌ನ 720 ಅಂಕದಲ್ಲಿ ಫಿಸಿಕ್ಸ್‌ಗೆ 180, ಬಯಾಲಜಿಗೆ 360. ಅಂದರೆ ಈ ಕೊಡು-ಕೊಳ್ಳುವ ವ್ಯವಹಾರದಲ್ಲಿ ಲಾಭ ಯಾರಿಗೆ? ಅವಳ ಅಮ್ಮನೇ ‘ಆ ಹುಡುಗಿ ಸಹವಾಸ ಬಿಡು’ ಅನ್ನಬೇಕಿತ್ತು.

ಇನ್ನೊಂದು ಮಾತು, ಇದು ಸ್ನೇಹಕ್ಕೆ ಸಂಬಂಧಪಟ್ಟದ್ದಲ್ಲ, ಆದರೂ ಹೇಳುತ್ತೇನೆ. ನೀನು ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ರಾಜ್ಯದ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇದೆ. ಅದರ ಕಾಗದಪತ್ರ ಈಗಲೇ ಮಾಡಿಸಿಡು. ಅವಳು ಬೇರೆ ಊರಿನಿಂದ ಬಂದವಳಲ್ವಾ, ಸೀಟಿನ ವಿಷಯದಲ್ಲಿ ನೀವಿಬ್ಬರೂ ಒಂದೇ ಸಾಲಿನಲ್ಲಿ ನಿಂತಿಲ್ಲದೆಯೂ ಇರಬಹುದು.

ಹಾಗಂತ ಅಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ. ನೋಟ್ಸ್ ಜೆರಾಕ್ಸ್ ಮಾಡಿಸಿ ಕೊಡು, ಒರಿಜಿನಲ್ ಕೊಡಬೇಡ. ಪರೀಕ್ಷೆ ಹತ್ತಿರ ಬಂದಾಗ ಕೊಟ್ಟ ನೋಟ್‌ಬುಕ್ ವಾಪಸ್ ಬಂದಿದ್ದನ್ನು ನಾನಂತೂ ನೋಡಿಲ್ಲ. ಮತ್ತೆ, ಸರ್ಕಾರಿ ಸೀಟು ಸಿಗದಿದ್ದರೆ ಫೀಸು ಎಲ್ಲಿಂದ ತರೋದು ಅನ್ನುವ ಚಿಂತೆ ಅವರ ಮಾತಿನ ಹಿಂದೆ ಇರುತ್ತೆ. ಅದನ್ನು ನೇರವಾಗಿ ನಿನ್ನ ಹತ್ತಿರ ಹೇಳಲಾಗದೆ ಗೆಳತಿಯ ಮೇಲೆ ಹಾಕುತ್ತಿದ್ದಾರೆ.

ಪೈಪೋಟಿ ಬಿಟ್ಟುಬಿಡು ಅಂತ ಮಾತ್ರ ನಾನು ಹೇಳಲ್ಲ. ಅದೇ ನಿಮ್ಮಿಬ್ಬರನ್ನೂ ಇಲ್ಲಿಯವರೆಗೆ ತಂದಿದ್ದು. ಅವಳು ಬಾರದೆ ಇದ್ದಿದ್ದರೆ ನೀನು ನಿಮ್ಮ ಶಾಲೆಗೆ ಫಸ್ಟ್ ಬಂದುಕೊಂಡು ಸುಮ್ನೆ ಇರುತ್ತಿದ್ದೆ. ಕದ್ದುಮುಚ್ಚಿ ಪೈಪೋಟಿ ಮಾಡುವುದರ ಬದಲು ಎದುರಿಗೇ ಮಾಡಿ. ಭಾನುವಾರ ಒಂದು ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ನೋಡಿಕೊಂಡು, 180 ನಿಮಿಷಕ್ಕೆ 180 ಪ್ರಶ್ನೆ ಇಬ್ಬರೂ ಬರೆಯಿರಿ. ಅವಳ ಪೇಪರ್ ನೀನು ತಿದ್ದು, ನಿನ್ನದು ಅವಳು. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುವಾಗ ಇಬ್ಬರೂ ಕರುಣೆ ತೋರಿಸಬೇಡಿ. ಅವಳು ತಪ್ಪು ಮಾಡಿದ ಫಿಸಿಕ್ಸ್ ಲೆಕ್ಕವನ್ನು ನೀನು ಬಿಡಿಸಿ ಹೇಳು. ಮಧ್ಯದಲ್ಲಿ ಅವಳು ‘ಇಲ್ಲಿ ಮೈನಸ್ ಹೇಗೆ ಬಂತು?’ ಅಂತ ಕೇಳುತ್ತಾಳೆ, ನೀನು ತಬ್ಬಿಬ್ಬಾಗುತ್ತೀಯ. ಆ ಲೆಕ್ಕ ನಿನಗೂ ಬಾಯಿಪಾಠ ಮಾತ್ರ ಆಗಿತ್ತು ಅಂತ ಆಗ ಗೊತ್ತಾಗುತ್ತೆ.

ಹೊಟ್ಟೆ ಉರಿದ ದಿನ ‘ಇವತ್ತು ನಿನ್ನ ಮೇಲೆ ಹೊಟ್ಟೆ ಉರೀತಾ ಇದೆ, ನಾಳೆ ಮಾತಾಡ್ತೀನಿ’ ಅಂತ ಹೇಳಿಬಿಡು. ಅವಳು ನಗಬಹುದು, ಅಥವಾ ‘ನನಗೂ ಹೋದ ಸಲ ಹಂಗೇ ಆಗಿತ್ತು’ ಅನ್ನಬಹುದು. ಆ ಟೆಸ್ಟ್ ದಿನದ ಖುಷಿಯನ್ನು ಹೋಗಿ ಅವಳ ಮುಂದೆ ಒಪ್ಪಿಸಬೇಕಾಗಿಲ್ಲ. ಅದರಿಂದ ನಿನ್ನ ಮನಸ್ಸು ಹಗುರಾಗುತ್ತೆ, ಅವಳದು ಭಾರವಾಗುತ್ತೆ. ಇನ್ನು ಫಲಿತಾಂಶದ ದಿನ ಇಬ್ಬರೂ ಫೋನ್ ಮಾಡುವುದು ಬೇಡ ಅಂತ ಈಗಲೇ ಮಾತಾಡಿಕೊಳ್ಳಿ. ಮಾರನೇ ದಿನ ಭೇಟಿಯಾದರೆ ಸಾಕು.

ಆಮೇಲೆ, ಅವಳನ್ನು ಒಂದು ದಿನ ಮನೆಗೆ ಊಟಕ್ಕೆ ಕರಿ. ನಿಮ್ಮಮ್ಮ ಅವಳ ಮಾರ್ಕ್ಸ್ ಮಾತ್ರ ಕೇಳಿದ್ದಾರೆ ಅಂತ ಕಾಣುತ್ತೆ. ಒಂದು ಮುದ್ದೆ ಜಾಸ್ತಿ ಮಾಡೋಕೆ ಹೇಳು.