ಸೂಪರ್‌ಹೀರೋ ಸಿನಿಮಾ ನೋಡಿ ನಿದ್ದೆಗೆಟ್ಟ ಹುಡುಗ

ರಜೆ ಶುರುವಾದರೆ ಸಾಕು, ಮಕ್ಕಳ ಭಯ, ಬೇಸರಗಳನ್ನು ಹೇಳಿಕೊಂಡು ನನ್ನ ಹತ್ತಿರ ಬರುವ ಪೋಷಕರಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳೇ ಕೇಳುತ್ತಾರೆ. ‘ಮೇಡಂ, ಈ ಸೂಪರ್‌ಹೀರೋ ಸಿನಿಮಾ ಮನೆಮಂದಿಯೆಲ್ಲ ಕೂತು ನೋಡಬಹುದಾ?’ ಸಾಮಾನ್ಯವಾಗಿ ಮನೆಯಲ್ಲಿ ದೊಡ್ಡದೊಂದು, ಚಿಕ್ಕದೊಂದು ಇರುತ್ತದೆ. ದೊಡ್ಡದಕ್ಕೆ ಆ ಸಿನಿಮಾ ಬೇಕೇ ಬೇಕು. ಅಕ್ಕ ನೋಡಿದ್ದನ್ನು ತಾನೂ ನೋಡಬೇಕು ಅಂತ ಚಿಕ್ಕದರ ಹಟ. ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿಬಿಟ್ಟರೆ ಪೋಷಕರಿಗೆ ನಿರಾಳ. ನಾನು ಹೇಳುವುದಿಲ್ಲ. ಯಾಕೆ ಅನ್ನುವುದು ಈ ಪ್ರಕರಣದಿಂದ ಗೊತ್ತಾಗಬಹುದು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯುವುದಕ್ಕೆ ಆ ಮನೆಯವರ ಒಪ್ಪಿಗೆಯೂ ಇದೆ.

ಅಪ್ಪ, ಅಮ್ಮ, 14 ವರ್ಷದ ಮಗಳು, 8 ವರ್ಷದ ಮಗ. ಅಮ್ಮನ ಕೆಲಸ ಬೇರೆ ಊರಲ್ಲಿ. ಸಾಧ್ಯವಾದ ವಾರಾಂತ್ಯ ಮನೆಗೆ ಬರುತ್ತಾರೆ, ಕೆಲವು ಸಲ ಬರಲು ಆಗುವುದಿಲ್ಲ. ಹಾಗೆ ಅವರು ಬಾರದ ಒಂದು ರಾತ್ರಿ ಅಪ್ಪ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ‘ಶಝಾಮ್!’ ಹಾಕಿದರು. ಆರಿಸಿದ್ದು ಮಗಳು. ಅದಾದ ಮೇಲೆ ಹುಡುಗ ಲೈಟ್ ಆರಿಸಲು ಬಿಡುತ್ತಿಲ್ಲ. ಒಬ್ಬನೇ ಮಲಗುವುದಿಲ್ಲ. ಅಮ್ಮ ಊರಿಗೆ ಹೊರಡುವ ದಿನ ಬೆಳಿಗ್ಗೆ ತಪ್ಪದೆ ಹೊಟ್ಟೆನೋವು.

ಬಂದ ದಿನ ಗಂಡ ಹೆಂಡತಿ ಇಬ್ಬರೂ ಮಾತಾಡಿದ್ದು ಸಿನಿಮಾದ ಬಗ್ಗೆಯೇ. ‘ಅಷ್ಟು ಚಿಕ್ಕ ಹುಡುಗನಿಗೆ ರಾಕ್ಷಸರನ್ನ ತೋರಿಸ್ತಾರಾ ಯಾರಾದ್ರೂ?’ ಅಂತ ಅಮ್ಮ. ‘ಕಾಮಿಡಿ ಸಿನಿಮಾ ಅಂತ ಇವಳೇ ಹೇಳಿದ್ದು’ ಅಂತ ಮಗಳ ಕಡೆ ಕೈ ತೋರಿಸಿ ಅಪ್ಪ. ಆ ಹುಡುಗಿ ನೆಲ ನೋಡುತ್ತಾ ಕೂತಿದ್ದಳು.

ಸಿನಿಮಾ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. 2019ರದ್ದು. ಬಿಲ್ಲಿ ಬ್ಯಾಟ್ಸನ್ ಅನ್ನುವ 14ರ ಹುಡುಗ ಒಂದು ಮಾತು ಕೂಗಿದರೆ ದೊಡ್ಡ ಗಂಡಸಿನ ಮೈಯ ಸೂಪರ್‌ಹೀರೋ ಆಗಿಬಿಡುತ್ತಾನೆ. ಒಳಗಿರುವ ಬುದ್ಧಿ ಮಾತ್ರ ಹುಡುಗನದೇ. ನಗು ಬರುವುದು ಅಲ್ಲಿಂದ, ಟ್ರೇಲರ್‌ನಲ್ಲೂ ಜಾಸ್ತಿ ಅದೇ ಇತ್ತು. ಆದರೆ ನಿರ್ದೇಶಕ ಡೇವಿಡ್ ಸ್ಯಾಂಡ್‌ಬರ್ಗ್ ಅದಕ್ಕೆ ಮೊದಲು ಮಾಡಿದ್ದು ದೆವ್ವದ ಸಿನಿಮಾಗಳನ್ನು. ಆ ಕೈ ಇಲ್ಲೂ ಆಡಿದೆ. ಖಳನಾಯಕ ತನ್ನ ಅಣ್ಣನನ್ನು ಮೀಟಿಂಗ್ ರೂಮಿನ ಕಿಟಕಿಯಿಂದ ಆಚೆ ಎಸೆಯುತ್ತಾನೆ. ಅಲ್ಲಿದ್ದವರನ್ನೆಲ್ಲ ರಾಕ್ಷಸರ ಬಾಯಿಗೆ ಕೊಡುತ್ತಾನೆ. ನನ್ನ ಅಭಿಪ್ರಾಯ ಕೇಳಿದರೆ, 8 ವರ್ಷದವರಿಗೆ ಆ ದೃಶ್ಯ ಖಂಡಿತ ಬೇಡ.

ಅಪ್ಪ ತಮ್ಮ ಪರವಾಗಿ ಒಂದು ಮಾತು ಹೇಳಿದರು. ‘ಪಿಜಿ-13 ಅಂತ ಇತ್ತು ಮೇಡಂ. ದೊಡ್ಡವರು ಪಕ್ಕದಲ್ಲಿದ್ರೆ ಸಾಕು ಅಂದ್ಕೊಂಡೆ.’ ತಪ್ಪು ತಿಳಿದಿದ್ದರು ಅಂತ ಹೇಳಲಾರೆ. ಸಿನಿಮಾ ಯಾವ ವಯಸ್ಸಿನವರಿಗೆ ಅಂತ ಹೇಳುವ ಆ ಗುರುತು ಅಮೆರಿಕದಲ್ಲಿ ಬಂದದ್ದು 1984ರಲ್ಲಿ. ‘ಪಿಜಿ’, ಅಂದರೆ ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದು ಅಂತ ಬಿಟ್ಟ ಕೆಲವು ಸಿನಿಮಾಗಳು ವಿಪರೀತ ಹೆದರಿಸುತ್ತವೆ ಅಂತ ಅಪ್ಪ ಅಮ್ಮಂದಿರು ದೂರಿದರು, ಅದಕ್ಕೂ ದೊಡ್ಡವರ ಸಿನಿಮಾದ ಗುರುತಿಗೂ ನಡುವೆ ಇನ್ನೊಂದು ಮೆಟ್ಟಿಲು ಹಾಕಿದರು. 13 ತುಂಬದವರಿಗೆ ಕೆಲವು ಭಾಗ ಹೊಂದದೆ ಇರಬಹುದು, ಜೋಪಾನ ಅಂತ ಅದರ ಅರ್ಥ. ನೋಡಬೇಡಿ ಅಂತ ಅಲ್ಲ. ಬ್ರಿಟನ್‌ನಲ್ಲಿ ಉಲ್ಟಾ ಆಯಿತು. 2002ರಲ್ಲಿ ‘ಸ್ಪೈಡರ್‌-ಮ್ಯಾನ್‌’ಗೆ 12 ಅಂತ ಹಾಕಿದಾಗ, ಅದಕ್ಕಿಂತ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಲಾಗದೆ ಪೋಷಕರು ಗೊಣಗಿದರು. ಅದೇ ವರ್ಷ ‘12ಎ’ ಬಂತು: ದೊಡ್ಡವರು ಜೊತೆಗಿದ್ದರೆ ಚಿಕ್ಕವರೂ ಹೋಗಬಹುದು.

ಹೊಡೆದಾಟ, ಬೈಗುಳ, ಬೆತ್ತಲೆ, ಮಾದಕ ವಸ್ತು. ಈ ಗುರುತು ಕೊಡುವವರು ಮುಖ್ಯವಾಗಿ ನೋಡುವುದು ಇಂಥವನ್ನು. ಒಬ್ಬ ತಾಯಿ ಮಗನನ್ನು ಬಿಟ್ಟು ನಡೆದುಬಿಟ್ಟರೆ ಅದನ್ನು ಬರೆದುಕೊಳ್ಳಲು ಅವರ ಪಟ್ಟಿಯಲ್ಲಿ ಜಾಗ ಎಲ್ಲಿದೆ?

ಮುಂದಿನ ಸಲ ಹುಡುಗನ ಜೊತೆ ಒಬ್ಬನೇ ಇರುವಾಗ ಮಾತಾಡಿದೆ. ಕಾಗದ, ಬಣ್ಣದ ಪೆನ್ಸಿಲ್ ಕೊಟ್ಟೆ. ರಾಕ್ಷಸರನ್ನು ಬರೆದ. ಏಳು ಜನ. ಒಂದಕ್ಕೆ ಇಷ್ಟಗಲ ಬಾಯಿ, ಒಂದಕ್ಕೆ ಗಿಡ್ಡ ರೆಕ್ಕೆ. ‘ಇವೆಲ್ಲ ಆ ವಿಲನ್ ಕಣ್ಣೊಳಗಿಂದ ಬರ್ತಾವೆ ಆಂಟಿ’ ಅಂತ ಉತ್ಸಾಹದಲ್ಲಿ ವಿವರಿಸಿದ. ಹೆದರಿದ ಮಗು ಹೀಗೆ ಬರೆಯುವುದು ಕಡಿಮೆ. ಒತ್ತಿ ಒತ್ತಿ ಕಪ್ಪು ಬಳಿಯುತ್ತದೆ, ಇಲ್ಲ ಪೆನ್ಸಿಲ್ಲೇ ಮುಟ್ಟುವುದಿಲ್ಲ. ಇವನು ಹಲ್ಲಿಗೆ ಹಸಿರು ಬಣ್ಣ ಹಚ್ಚಿ ನಗುತ್ತಿದ್ದ.

ನನ್ನ ಕೋಣೆಯಲ್ಲಿ ಕೆಟ್ಟುಹೋದ ಒಂದು ರಿಮೋಟ್ ಇದೆ. ಇಂಥ ಸಂದರ್ಭಕ್ಕೆ ಅಂತಲೇ ಇಟ್ಟುಕೊಂಡಿದ್ದೇನೆ. ಅದನ್ನು ಅವನ ಕೈಗೆ ಕೊಟ್ಟು, ‘ಆ ಸಿನಿಮಾ ಮತ್ತೆ ಹಾಕಿದ್ರೆ ಎಲ್ಲಿ ಓಡಿಸಿಬಿಡ್ತೀಯ?’ ಅಂತ ಕೇಳಿದೆ. ಮೀಟಿಂಗ್ ರೂಮು ಅನ್ನುತ್ತಾನೆ ಅಂತ ಕಾಯುತ್ತಿದ್ದೆ.

‘ಅವರಮ್ಮ ಬಾಗಿಲು ತೆಗೀತಾಳಲ್ಲ, ಅಲ್ಲಿ.’

ಸಿನಿಮಾದಲ್ಲಿ ಬಿಲ್ಲಿ ಪುಟ್ಟವನಿದ್ದಾಗ ಜಾತ್ರೆಯಂಥ ಜಾಗದಲ್ಲಿ ಅಮ್ಮನ ಕೈ ತಪ್ಪಿಹೋಗಿರುತ್ತಾನೆ. ಅಲ್ಲಿ ಅವಳು ಆಟದಲ್ಲಿ ಗೆದ್ದುಕೊಟ್ಟ ಪುಟ್ಟ ದಿಕ್ಸೂಚಿಯನ್ನು ವರ್ಷಗಟ್ಟಲೆ ಜೋಪಾನ ಮಾಡಿ, ಅವಳನ್ನು ಹುಡುಕುತ್ತಲೇ ಇರುತ್ತಾನೆ. ಕೊನೆಗೆ ವಿಳಾಸ ಸಿಗುತ್ತದೆ. ಅವಳು ಬಾಗಿಲಲ್ಲೇ ನಿಂತು ಹೇಳುತ್ತಾಳೆ: ಅವತ್ತು ನೀನು ಪೊಲೀಸರ ಹತ್ತಿರ ಇದ್ದದ್ದನ್ನು ನೋಡಿದೆ, ಅವರ ಕೈಯಲ್ಲೇ ನೀನು ಚೆನ್ನಾಗಿರುತ್ತೀಯ ಅನ್ನಿಸಿತು, ಹೋದೆ. ಅವನು ದಿಕ್ಸೂಚಿ ಕೊಟ್ಟರೆ ಇದೇನು ಅಂತ ಕೇಳುತ್ತಾಳೆ. ಅದು ಕೂಡ ನೆನಪಿಲ್ಲ.

‘ಅವಳು ನೋಡಿದ್ದಳು ಆಂಟಿ. ನೋಡಿಯೂ ಹೋದಳು.’ ರಿಮೋಟಿನ ಗುಂಡಿ ಒತ್ತುತ್ತಲೇ ಇದ್ದ. ನಾನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ, ‘ನಮ್ಮಮ್ಮನೂ ಹಂಗೇ ಅಂತಾಳೆ. ಅಪ್ಪನ ಹತ್ರ ಇದ್ರೆ ನೀನು ಚೆನ್ನಾಗಿರ್ತೀಯ ಅಂತ.’

ಇದನ್ನು ಮನೆಯಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, ‘ಹೇಳಿದ್ರೆ ಅಕ್ಕನಿಗೆ ಬೈತಾರೆ’ ಅಂದ.

ಮಕ್ಕಳ ಭಯದ ಬಗ್ಗೆ ಕೆಲಸ ಮಾಡಿದವರಲ್ಲಿ ಅಮೆರಿಕದ ಜೋನ್ ಕ್ಯಾಂಟರ್ ಅವರನ್ನು ನಾನು ಆಗಾಗ ನೆನೆಯುತ್ತೇನೆ. ತೀರಾ ಚಿಕ್ಕ ಮಕ್ಕಳು ಕಣ್ಣಿಗೆ ಕಂಡದ್ದಕ್ಕೆ ಹೆದರುತ್ತವೆ: ಕೋರೆ ಹಲ್ಲು, ವಿಕಾರ ಮುಖ. ಅವಕ್ಕೆ ಅಪ್ಪಿಕೊಳ್ಳುವುದು, ಟಿವಿ ಆರಿಸುವುದು ಕೆಲಸ ಮಾಡುತ್ತದೆ. 7–8 ದಾಟುತ್ತಿದ್ದ ಹಾಗೆ ಭಯ ನಿಜವಾಗಿ ನಡೆಯಬಹುದಾದ ಸಂಗತಿಗಳ ಕಡೆ ಸರಿಯುತ್ತದೆ. ಆಗ ಅಪ್ಪುಗೆಯೊಂದೇ ಸಾಲದು, ವಿವರಣೆ ಬೇಕು. ಈ ಹುಡುಗನಿಗೆ ಎರಡು ವಾರದಿಂದ ಮನೆಯವರು ಹೇಳುತ್ತಿದ್ದದ್ದು ‘ರಾಕ್ಷಸರೆಲ್ಲ ಸುಳ್ಳು ಕಣೋ, ಕಂಪ್ಯೂಟರಲ್ಲಿ ಮಾಡೋದು’ ಅಂತ. ಅವನಿಗದು ಆಗಲೇ ಗೊತ್ತಿತ್ತು.

ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿ, ಅವನ ಒಪ್ಪಿಗೆ ಪಡೆದೇ ಈ ಮಾತು ಹೇಳಿದೆ. ಅಮ್ಮನಿಗೆ ತಡೆಯಲಾಗಲಿಲ್ಲ. ಕೆಲಸ ಬಿಡಬೇಕಾ ಅಂತ ಕೇಳಿದರು. ಬೇಡ ಅಂದೆ, ಅದನ್ನು ಒತ್ತಿಯೇ ಹೇಳಿದೆ. ಎಷ್ಟೋ ಅಪ್ಪಂದಿರು ಬೇರೆ ಊರಲ್ಲಿ ದುಡಿಯುತ್ತಾರೆ, ಅವರಿಗೆ ಯಾರೂ ಈ ಪ್ರಶ್ನೆ ಹಾಕುವುದಿಲ್ಲ. ಬದಲಾಗಬೇಕಿದ್ದದ್ದು ಆ ಸಮಾಧಾನದ ಮಾತು. ‘ನೀನು ಅಲ್ಲೇ ಚೆನ್ನಾಗಿರ್ತೀಯ’ ಅನ್ನುವುದನ್ನು ಸದ್ಯಕ್ಕೆ ಪೂರ್ತಿ ನಿಲ್ಲಿಸಿ ಅಂದೆ. ಯಾಕೆ ಹೋಗುತ್ತಿದ್ದೇನೆ, ಯಾವತ್ತು ಬರುತ್ತೇನೆ, ಬರಲಾಗದಿದ್ದರೆ ಮೊದಲೇ ಯಾರು ತಿಳಿಸುತ್ತಾರೆ ಅನ್ನುವುದನ್ನು ಹೇಳಿ. ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಅವನ ಕೈಯಲ್ಲೇ ಗುರುತು ಹಾಕಿಸಿ. ‘ನೀನೂ ನನ್ನನ್ನ ಬಿಟ್ಟು ಹೋಗ್ತೀಯಾ?’ ಅಂತ ಕೇಳಿದರೆ ‘ಛೀ, ಹಂಗೆಲ್ಲ ಅನ್ಬಾರ್ದು’ ಅಂತ ಬಾಯಿ ಮುಚ್ಚಿಸಬೇಡಿ. ಇಲ್ಲ ಅಂತ ಉತ್ತರ ಕೊಡಿ.

ಎರಡನೇ ಸಲಹೆಗೆ ವಿರೋಧ ಬಂತು. ಆ ಸಿನಿಮಾವನ್ನು ಮತ್ತೆ ನೋಡಿ ಅಂದೆ. ಈ ಸಲ ಅಮ್ಮನೂ ಇರಬೇಕು, ಹಗಲು ಹೊತ್ತಾಗಿರಬೇಕು, ರಿಮೋಟ್ ಹುಡುಗನ ಕೈಯಲ್ಲಿರಬೇಕು. ಅದಕ್ಕೂ ಮೊದಲು ಗಂಡ ಹೆಂಡತಿ ಇಬ್ಬರೇ ಕೂತು ಒಂದು ಸಲ ನೋಡಬೇಕು. ಮೀಟಿಂಗ್ ರೂಮಿನ ದೃಶ್ಯವನ್ನು ದಾಟಿಸಿ. ಬಾಗಿಲ ದೃಶ್ಯ ನೋಡುವುದೋ ಬಿಡುವುದೋ ಅವನಿಗೆ ಬಿಟ್ಟದ್ದು. ಸಿನಿಮಾನೇ ಬೇಡ ಅಂದರೆ ಅಲ್ಲಿಗೆ ಬಿಡಿ.

‘ಗಾಯದ ಮೇಲೆ ಬರೆ ಎಳೆಯೋದಾ?’ ಅಂತ ಅಮ್ಮ ಕೇಳಿದರು. ನನ್ನ ವೃತ್ತಿಯ ಸ್ನೇಹಿತರೊಬ್ಬರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಎಲ್ಲ ಮಕ್ಕಳಿಗೂ ಇದನ್ನು ಹೇಳುವವಳಲ್ಲ ನಾನು. ಅಪಘಾತವನ್ನೋ ಮನೆಯೊಳಗಿನ ಹೊಡೆತವನ್ನೋ ಕಣ್ಣಾರೆ ಕಂಡ ಮಗುವಾಗಿದ್ದರೆ ಬಾಯಿ ಬಿಡುತ್ತಿರಲಿಲ್ಲ. ಕೆಟ್ಟ ಕನಸು ವಾರಗಟ್ಟಲೆ ಬರುತ್ತಿದ್ದರೆ, ಊಟ, ಶಾಲೆ ಎಲ್ಲ ಏರುಪೇರಾಗಿದ್ದರೆ ಮಕ್ಕಳ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಆದರೆ ಈ ಹುಡುಗ ಆ ದೃಶ್ಯವನ್ನು ದಿನಾ ರಾತ್ರಿ ತಲೆಯೊಳಗೆ ನೋಡುತ್ತಲೇ ಇದ್ದ, ಅದೂ ಒಬ್ಬನೇ. ಅವನ ಸಿನಿಮಾ ಆ ಬಾಗಿಲಲ್ಲೇ ನಿಂತುಹೋಗಿತ್ತು. ಆಮೇಲೆ ಬಿಲ್ಲಿ ತನ್ನನ್ನು ಸಾಕಿಕೊಂಡವರ ಮನೆಗೆ ವಾಪಸ್ ಹೋಗುವುದು, ಅಲ್ಲಿನ ಮಕ್ಕಳೆಲ್ಲ ಅವನ ಜೊತೆ ನಿಂತು ಕಾದಾಡುವುದು, ತನ್ನ ಶಕ್ತಿಯನ್ನೇ ಅವನು ಅವರಿಗೆ ಹಂಚುವುದು, ಇದ್ಯಾವುದೂ ಅವನಿಗೆ ನೆನಪಿರಲಿಲ್ಲ. ಕೇಳಿ ನೋಡಿದ್ದೆ. ‘ಕೊನೇಲಿ ಫೈಟಿಂಗ್ ಇತ್ತು’ ಅಂದಿದ್ದ, ಅಷ್ಟೇ.

ಇಂಥ ಸಿನಿಮಾಗಳಿಂದ ಅಪ್ಪ ಅಮ್ಮನನ್ನು ಕಳೆದುಕೊಳ್ಳುವ ಕಥೆಯನ್ನು ತೆಗೆದರೆ ಏನುಳಿಯುತ್ತದೆ ಹೇಳಿ. 1938ರಲ್ಲಿ ಬಂದ ಸೂಪರ್‌ಮ್ಯಾನ್ ಹುಟ್ಟಿದ ಗ್ರಹವನ್ನೇ ಕಳೆದುಕೊಂಡವನು. ಬ್ಯಾಟ್‌ಮ್ಯಾನ್ ಕಣ್ಣೆದುರೇ ಹೆತ್ತವರನ್ನು ಗುಂಡಿಟ್ಟು ಕೊಲ್ಲುತ್ತಾರೆ. 1962ರ ಸ್ಪೈಡರ್‌-ಮ್ಯಾನ್‌ಗೆ ಹೆತ್ತವರಿಲ್ಲ, ಸಾಕಿದ ಅಂಕಲ್ಲೂ ಸಾಯುತ್ತಾರೆ. 1940ರಲ್ಲಿ ಕಾಮಿಕ್ಸ್‌ಗೆ ಬಂದಾಗ ಬಿಲ್ಲಿಯೂ ಅನಾಥನೇ. ಹದಿಹರೆಯದವರಿಗೆ ಇದು ಹಿಡಿಸುವುದು ಸಹಜ, ಮನೆ ಬಿಟ್ಟು ತಮ್ಮದೇ ಕಾಲ ಮೇಲೆ ನಿಲ್ಲುವ ಕನಸು ಕಾಣುವ ವಯಸ್ಸದು. ಅದೇ ಕಥೆ 8ರ ಮಗುವಿಗೆ ಬೇರೆಯೇ ಸುದ್ದಿ ಹೇಳುತ್ತದೆ. ಕೆಳಗಿನ ಗುರುತು ಇದ್ದರೆ ಇದೆಲ್ಲ ಇರುವುದಿಲ್ಲ ಅಂದುಕೊಳ್ಳಬೇಡಿ. 2018ರ ಅನಿಮೇಷನ್ ಸ್ಪೈಡರ್‌-ಮ್ಯಾನ್‌ಗೆ ಅಮೆರಿಕದಲ್ಲಿ ಬರೀ ಪಿಜಿ. ಅದರಲ್ಲೂ ಹುಡುಗನ ಅಪ್ಪನ ಒಡಹುಟ್ಟಿದವನು ಗುಂಡು ತಗುಲಿ ಅವನ ಎದುರೇ ಸಾಯುತ್ತಾನೆ. ಒಳ್ಳೆಯ ಸಿನಿಮಾ, ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಮಾತ್ರ ಹೇಳುವುದಿಲ್ಲ.

ಹಾಗಾಗಿ ಸಿನಿಮಾದ ಹೆಸರು ಹೇಳಿ ‘ನೋಡಬಹುದಾ’ ಅಂತ ಕೇಳಿದವರಿಗೆ ನಾನು ತಿರುಗಿ ಕೇಳುವುದು ಮನೆಯ ಬಗ್ಗೆ. ಈಚೆಗೆ ಯಾರಾದರೂ ತೀರಿಕೊಂಡರಾ? ಯಾರಾದರೂ ದೂರ ಹೋದರಾ? ಗಂಡ ಹೆಂಡತಿ ಜಗಳ ಮಕ್ಕಳ ಕಿವಿಗೆ ಬೀಳುತ್ತಿದೆಯಾ? ಕೆಲವರಿಗೆ ಸಿಟ್ಟು ಬರುತ್ತದೆ. ಸಿನಿಮಾ ಕೇಳಿದರೆ ಸಂಸಾರ ಕೆದಕುತ್ತಾರೆ ಅಂತ ಒಬ್ಬರು ಎದ್ದೇ ಹೋದರು.

ಆ ಮನೆಯಲ್ಲಿ ಎರಡನೇ ಸಲ ಸಿನಿಮಾ ಹಾಕಿದಾಗ ಹುಡುಗ ಬಾಗಿಲ ದೃಶ್ಯವನ್ನು ಓಡಿಸಲಿಲ್ಲವಂತೆ. ನಿಲ್ಲಿಸಿ, ಪಕ್ಕದಲ್ಲಿದ್ದ ಅಮ್ಮನನ್ನು ಕೇಳಿದ: ‘ನೀನಾಗಿದ್ರೆ?’ ಅವರು ಉತ್ತರ ಕೊಟ್ಟರು. ಏನು ಹೇಳಿದರು ಅಂತ ನನಗೆ ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ಹೊಟ್ಟೆನೋವು ಕಡಿಮೆಯಾಗಿದೆ. ಲೈಟ್ ಮಾತ್ರ ಇನ್ನೂ ಬೇಕು. ಬೇಕಿದ್ದರೆ ಇರಲಿ, ಅದಕ್ಕೇನು ಅವಸರ?

ಈ ಗಲಾಟೆಯಲ್ಲಿ ಅನ್ಯಾಯವಾಗಿದ್ದು ಮಗಳಿಗೆ. ತಾನು ಇಷ್ಟಪಟ್ಟ ಸಿನಿಮಾದಿಂದ ತಮ್ಮ ಕೆಟ್ಟ ಅಂತ ಮನೆಯವರೆಲ್ಲ ಅವಳತ್ತ ಬೊಟ್ಟು ಮಾಡಿದ್ದರು. ತಮ್ಮನಿಗೆ ಯಾವುದು ಸರಿ ಅಂತ ಆರಿಸುವುದು 14ರ ಹುಡುಗಿಯ ಕೆಲಸ ಅಲ್ಲ, ಅವಳ ಹತ್ತಿರ ಕ್ಷಮೆ ಕೇಳಿ ಅಂತ ಅಪ್ಪನಿಗೆ ಹೇಳಿದೆ. ಮುಜುಗರಪಡುತ್ತಲೇ ಕೇಳಿದರು. ತಮ್ಮ ಮಲಗಿದ ಮೇಲೆ ಅವಳಿಗೂ ಅಪ್ಪನಿಗೂ ಅಂತಲೇ ಒಂದು ಸಿನಿಮಾ ರಾತ್ರಿ ಇರಲಿ ಅಂತಲೂ ಸೂಚಿಸಿದೆ. ಇದೇ ಸಿನಿಮಾದ ಎರಡನೇ ಭಾಗ 2023ರಲ್ಲಿ ಬಂದಿದೆ. ಅದನ್ನು ಅವರಿಬ್ಬರೇ ನೋಡುವುದು ಅಂತ ತೀರ್ಮಾನವಾಗಿದೆ. ಚಿಕ್ಕವನು ಈಗಾಗಲೇ ಹಟ ಶುರು ಮಾಡಿದ್ದಾನಂತೆ.